ಫಿಸಿಯೊ ಬೋರ್ಡಿನ ಮೇಲಿನ ಅಕ್ಷರಗಳು: ಯಾವುದಕ್ಕೆ ಎಷ್ಟು ಬೆಲೆ?

ಫಿಸಿಯೊಥೆರಪಿ ಕ್ಲಿನಿಕ್ಕಿನ ಬೋರ್ಡು ಓದಲು ಸ್ವಲ್ಪ ಪುರುಸೊತ್ತು ಬೇಕು. ಹೆಸರಿಗೆ ಮೊದಲು ‘ಡಾ.’, ಹೆಸರಾದ ಮೇಲೆ ಬಿ.ಪಿ.ಟಿ., ಎಂ.ಪಿ.ಟಿ., ಅದಕ್ಕೆ ಅಂಟಿಕೊಂಡಂತೆ ‘ನ್ಯೂರೊ’ ಅಥವಾ ‘ಆರ್ಥೊ’; ಬಳಿಕ ಎಂ.ಐ.ಎ.ಪಿ., ಸಿ.ಎಂ.ಪಿ.; ಕೊನೆಗೆ ಡ್ರೈ ನೀಡ್ಲಿಂಗ್, ಕಪ್ಪಿಂಗ್, ಟೇಪಿಂಗ್. ಸೊಂಟ ಹಿಡಿದುಕೊಂಡು ಬಂದವರು ಇದನ್ನೆಲ್ಲ ಓದಿ, ಅಕ್ಷರ ಹೆಚ್ಚಿದ್ದಷ್ಟೂ ಕೈಗುಣ ಹೆಚ್ಚು ಎಂದುಕೊಂಡು ಒಳಗೆ ಹೋಗುತ್ತಾರೆ. ಆದರೆ ಈ ಅಕ್ಷರಗಳೆಲ್ಲ ಒಂದೇ ಜಾತಿಯವಲ್ಲ. ಒಂದು ವೃತ್ತಿ ಮಾಡಲು ಬೇಕೇಬೇಕಾದ ಪದವಿ, ಇನ್ನೊಂದು ಅದರ ಮೇಲಿನ ಓದು, ಮತ್ತೊಂದು ಸಂಘದ ಸದಸ್ಯತ್ವ, ಉಳಿದವು ಹಲವು ಸಲ ಕೆಲವೇ ದಿನಗಳ ಶಿಬಿರದ ಪ್ರಮಾಣಪತ್ರಗಳು. ಇವನ್ನು ಬೇರ್ಪಡಿಸಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಫಿಸಿಯೊಥೆರಪಿಯಲ್ಲಿ ತಜ್ಞತೆ ಕೆಲವು ಕಾಯಿಲೆಗಳಿಗೆ ಅತ್ಯಗತ್ಯ, ಬಹಳಷ್ಟು ಮಾಮೂಲಿ ನೋವುಗಳಿಗೆ ಅಷ್ಟೇನೂ ಅಲ್ಲ. ಅಗತ್ಯವಿರುವ ಕಡೆಯಲ್ಲೂ ಬೋರ್ಡು ಅರ್ಧ ಸಂಗತಿಯನ್ನಷ್ಟೇ ಹೇಳುತ್ತದೆ. ಉಳಿದರ್ಧ ಮೊದಲ ಭೇಟಿಯಲ್ಲಿ, ಚಿಕಿತ್ಸೆಯ ಕೋಣೆಯೊಳಗೆ ತಿಳಿಯಬೇಕು.

ಮೊದಲು ತಳಪಾಯದ ಮಾತು. ನಮ್ಮಲ್ಲಿ ಫಿಸಿಯೊಥೆರಪಿಸ್ಟ್ ಆಗಲು ಬೇಕಾದ ಕನಿಷ್ಠ ಅರ್ಹತೆ ಬಿ.ಪಿ.ಟಿ., ಅಂದರೆ ಬ್ಯಾಚುಲರ್ ಆಫ್ ಫಿಸಿಯೊಥೆರಪಿ. ಮೊದಲು ಇದು ನಾಲ್ಕು ವರ್ಷದ ಓದು ಮತ್ತು ಆರು ತಿಂಗಳ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ ಕೋರ್ಸಾಗಿತ್ತು. 2025ರಲ್ಲಿ ಹೊರಬಂದ ರಾಷ್ಟ್ರೀಯ ಪಠ್ಯಕ್ರಮ ಇದನ್ನು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿದ ಐದು ವರ್ಷಕ್ಕೆ ಏರಿಸಿದೆ. ಈ ವೃತ್ತಿಗೆ ದೇಶಮಟ್ಟದ ಕಾನೂನು ಸಿಕ್ಕಿದ್ದು ತೀರಾ ಈಚೆಗೆ. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ತಮ್ಮದೇ ಕಾಯ್ದೆ ಮಾಡಿಕೊಂಡಿದ್ದವು. ಬಹುಪಾಲು ರಾಜ್ಯಗಳಲ್ಲಿ ಅದೂ ಇರಲಿಲ್ಲ. 2021ರಲ್ಲಿ ಸಂಸತ್ತು ಒಪ್ಪಿದ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ಖಾಲಿ ಜಾಗವನ್ನು ತುಂಬಲು ಹೊರಟಿತು. ಅದರ ಅನುಸೂಚಿಯಲ್ಲಿ ಫಿಸಿಯೊಥೆರಪಿಸ್ಟ್ ಯಾರು ಎಂಬುದರ ವಿವರಣೆಯೇ ಇದೆ: ಚಲನೆಯ ತೊಂದರೆ, ಅಂಗವೈಕಲ್ಯ, ಗಾಯ ಹಾಗೂ ಕಾಯಿಲೆಯಿಂದ ಬಂದ ನೋವು ಇವುಗಳನ್ನು ಪರೀಕ್ಷಿಸಿ, ವ್ಯಾಯಾಮ, ಕೈಚಿಕಿತ್ಸೆ, ವಿದ್ಯುತ್ ಮತ್ತು ಶಾಖದ ಸಾಧನಗಳಿಂದ ಉಪಚರಿಸುವವರು, ಸ್ವತಂತ್ರವಾಗಿಯೂ ತಂಡದ ಭಾಗವಾಗಿಯೂ ಕೆಲಸ ಮಾಡಬಲ್ಲವರು, ಕನಿಷ್ಠ ಪದವಿ ಪಡೆದಿರಬೇಕಾದವರು. ಕಾಯ್ದೆಯ ಪ್ರಕಾರ ಪ್ರತಿ ರಾಜ್ಯವೂ ಪರಿಷತ್ತು ರಚಿಸಿ ವೃತ್ತಿನಿರತರ ನೋಂದಣಿ ಪುಸ್ತಕ ಇಡಬೇಕು. ಈ ಕೆಲಸ ಎಷ್ಟು ಆಮೆಗತಿಯಲ್ಲಿ ಸಾಗಿತೆಂದರೆ 2024ರಲ್ಲಿ ಸುಪ್ರೀಂ ಕೋರ್ಟೇ ಗಡುವು ವಿಧಿಸಬೇಕಾಯಿತು. ಹಾಗಾಗಿ ಓದುಗರು ಕೇಳಬೇಕಾದ ಮೊದಲ ಪ್ರಶ್ನೆ ‘ನೀವು ಸ್ಪೆಷಲಿಸ್ಟಾ?’ ಎಂಬುದಲ್ಲ. ಯಾವ ವಿಶ್ವವಿದ್ಯಾಲಯದ ಬಿ.ಪಿ.ಟಿ., ರಾಜ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು ಎಂಬುದು. ಕರ್ನಾಟಕದಲ್ಲಿ ಇದರ ಜೊತೆಗೆ ಇನ್ನೊಂದನ್ನು ನೋಡಬಹುದು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ವ್ಯಾಪ್ತಿಯಲ್ಲಿ ಫಿಸಿಯೊಥೆರಪಿ ಕೇಂದ್ರವೂ ಬರುತ್ತದೆ. ಅಂದರೆ ಕೇಂದ್ರಕ್ಕೂ ತನ್ನದೇ ನೋಂದಣಿ ಇರಬೇಕು.

ಈ ತಳಪಾಯದ ಪ್ರಶ್ನೆಯನ್ನು ಕೇಳದೆ ಬಿಡುವುದರಿಂದಲೇ ಗೊಂದಲ ಹುಟ್ಟುವುದು. ಆಸ್ಪತ್ರೆಯ ಸಹಾಯಕರಾಗಿದ್ದು ಯಂತ್ರ ಹಚ್ಚಲು ಕಲಿತವರು, ಜಿಮ್ಮಿನ ತರಬೇತುದಾರರು, ಎಣ್ಣೆ ತಿಕ್ಕಿ ಮೂಳೆ ಕಟ್ಟುವವರು, ಎಲ್ಲರನ್ನೂ ಜನ ‘ಫಿಸಿಯೊ’ ಎಂದೇ ಕರೆಯುತ್ತಾರೆ. ಇನ್ನು ನಿಜವಾದ ಅರ್ಹತೆಯಿದ್ದೂ ಬೇರೆ ವೃತ್ತಿಗೆ ಸೇರಿದವರಿದ್ದಾರೆ. ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್‌ನಲ್ಲಿ ಎಂ.ಡಿ. ಮಾಡಿದವರು ಎಂ.ಬಿ.ಬಿ.ಎಸ್. ಓದಿದ ವೈದ್ಯರು, ಔಷಧಿ ಬರೆಯುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ, ಪುನಶ್ಚೇತನದ ತಂಡವನ್ನು ನಡೆಸುತ್ತಾರೆ. ಆಕ್ಯುಪೇಶನಲ್ ಥೆರಪಿಸ್ಟ್ ಪ್ರತ್ಯೇಕ ಪದವೀಧರರು. ಲಕ್ವ ಹೊಡೆದ ಕೈಯಲ್ಲಿ ಮತ್ತೆ ಅಂಗಿ ತೊಡುವುದು, ತುತ್ತು ಎತ್ತುವುದು ಅವರ ಕ್ಷೇತ್ರ. ಕೃತಕ ಕಾಲು, ಕ್ಯಾಲಿಪರ್ ಮಾಡಿಕೊಡುವವರು, ಮಾತಿನ ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರು. ಫಿಸಿಯೊಗಳು ಆ ಪರಿಷತ್ತಿನ ವ್ಯಾಪ್ತಿಯವರಲ್ಲ. ಬೋರ್ಡಿನಲ್ಲಿ ಕಾಣುವ ಎಂ.ಐ.ಎ.ಪಿ. ಎಂದರೆ 1955ರಲ್ಲಿ ಹುಟ್ಟಿದ ಭಾರತೀಯ ಫಿಸಿಯೊಥೆರಪಿಸ್ಟರ ಸಂಘದ ಸದಸ್ಯ ಎಂದಷ್ಟೇ ಅರ್ಥ. ಗೌರವದ ಸಂಘ, ಆದರೆ ಸದಸ್ಯತ್ವ ಪರವಾನಗಿಯಲ್ಲ. ಇನ್ನು ‘ಡಾ.’ ವಿಷಯ. 2025ರ ಪಠ್ಯಕ್ರಮ ಹೆಸರಿನ ಮೊದಲು ‘ಡಾ.’ ಹಾಗೂ ಕೊನೆಗೆ ‘ಪಿ.ಟಿ.’ ಎಂದು ಬರೆದುಕೊಳ್ಳಲು ಒಪ್ಪಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವಾ ನಿರ್ದೇಶನಾಲಯ ಹಾಗೆ ಬಳಸಬಾರದೆಂದು ಪತ್ರ ಹೊರಡಿಸಿ, ಬೆನ್ನಿಗೇ ಅದನ್ನು ಹಿಂಪಡೆಯಿತು. ವೈದ್ಯರ ಸಂಘಕ್ಕೂ ಫಿಸಿಯೊಗಳ ಸಂಘಕ್ಕೂ ಇದು ಮಾನದ ಪ್ರಶ್ನೆ. ರೋಗಿಯ ಮಟ್ಟಿಗೆ ಆ ಅಕ್ಷರದಿಂದ ಏನೂ ತಿಳಿಯುವುದಿಲ್ಲ; ‘ಪಿ.ಟಿ.’ ಎಂಬ ಬಾಲದಿಂದಲೇ ಹೆಚ್ಚು ತಿಳಿಯುತ್ತದೆ.

ಈಗ ತಜ್ಞತೆ. ಭಾರತದಲ್ಲಿ ಸ್ಪೆಷಲಿಸ್ಟ್ ಫಿಸಿಯೊ ಎಂದರೆ ಸಾಮಾನ್ಯವಾಗಿ ಎರಡು ವರ್ಷದ ಎಂ.ಪಿ.ಟಿ., ಅಂದರೆ ಮಾಸ್ಟರ್ ಆಫ್ ಫಿಸಿಯೊಥೆರಪಿ, ಮಾಡಿದವರು. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಇದಕ್ಕೆ ಸ್ಥೂಲವಾಗಿ ಮೂಳೆ-ಸ್ನಾಯು ಮತ್ತು ಕ್ರೀಡೆ, ನರ, ಹೃದಯ-ಶ್ವಾಸಕೋಶ, ಮಕ್ಕಳು, ಸಮುದಾಯ ಆರೋಗ್ಯ ಎಂಬ ಕವಲುಗಳಿವೆ. ಆಯ್ದ ಕವಲಿನಲ್ಲಿ ರೋಗಿಗಳನ್ನು ನೋಡುತ್ತ, ಒಂದು ಪ್ರಬಂಧ ಬರೆದು, ಪರೀಕ್ಷೆ ಮುಗಿಸಿ ಹೊರಬರುತ್ತಾರೆ. ಇದು ಗಟ್ಟಿ ಓದೇ, ಅನುಮಾನ ಬೇಡ. ಆದರೆ ಇದು ವಿಶ್ವವಿದ್ಯಾಲಯ ಒಮ್ಮೆ ಕೊಟ್ಟು ಮುಗಿಸುವ ಪದವಿ. ಹತ್ತು ವರ್ಷದ ನಂತರವೂ ಆ ಕ್ಷೇತ್ರದಲ್ಲಿ ಕೈ ಪಳಗಿದೆಯೇ ಎಂದು ಯಾರೂ ಮರುಪರೀಕ್ಷೆ ಮಾಡುವುದಿಲ್ಲ. ಅಮೆರಿಕದ ವ್ಯವಸ್ಥೆ ಇಲ್ಲೇ ಬೇರೆಯಾಗುವುದು. ಅಲ್ಲಿ ಫಿಸಿಕಲ್ ಥೆರಪಿಗೆ ಪ್ರವೇಶದ ಪದವಿಯೇ ಡಿ.ಪಿ.ಟಿ. ಎಂಬ ಡಾಕ್ಟರೇಟ್, ಹಾಗಾಗಿ ಆ ಅಕ್ಷರಗಳಿಂದ ತಜ್ಞತೆ ಸಾಬೀತಾಗುವುದಿಲ್ಲ. ತಜ್ಞತೆಗೆ 1978ರಲ್ಲಿ ಹುಟ್ಟಿದ ಪ್ರತ್ಯೇಕ ಮಂಡಳಿಯಿದೆ. ಮೂಳೆ, ನರ, ಮಕ್ಕಳು, ವೃದ್ಧರು, ಕ್ರೀಡೆ, ಕ್ಯಾನ್ಸರ್, ಮಹಿಳೆಯರ ಆರೋಗ್ಯ, ಗಾಯದ ಆರೈಕೆ ಮುಂತಾಗಿ ಹತ್ತು ಕ್ಷೇತ್ರಗಳು. ಆಯಾ ಕ್ಷೇತ್ರದಲ್ಲಿ ಸಾಮಾನ್ಯವಾಗಿ 2000 ಗಂಟೆ ನೇರವಾಗಿ ರೋಗಿಗಳ ಆರೈಕೆ ಮಾಡಿರಬೇಕು ಅಥವಾ ಮಾನ್ಯತೆ ಪಡೆದ ರೆಸಿಡೆನ್ಸಿ ಮುಗಿಸಿರಬೇಕು, ಆಮೇಲೆ ಪರೀಕ್ಷೆ. ಅರ್ಹತೆಯನ್ನು ಹತ್ತು ವರ್ಷದ ಆವರ್ತದಲ್ಲಿ ಉಳಿಸಿಕೊಳ್ಳುತ್ತಿರಬೇಕು. ಬ್ರಿಟನ್ನಿನಲ್ಲಿ ‘ಫಿಸಿಯೊಥೆರಪಿಸ್ಟ್’ ಎಂಬ ಹೆಸರಿಗೇ ಕಾನೂನಿನ ರಕ್ಷಣೆಯಿದೆ. ನೋಂದಣಿ ಪುಸ್ತಕವನ್ನು ಯಾರು ಬೇಕಾದರೂ ಆನ್‌ಲೈನಿನಲ್ಲಿ ಹುಡುಕಬಹುದು. ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಇರುವ ಮಕ್ಕಳು ಊರಿನ ತಂದೆತಾಯಿಗೆ ಫಿಸಿಯೊ ಹುಡುಕುವಾಗ ಅಲ್ಲಿನ ಅಳತೆಗೋಲನ್ನೇ ಇಲ್ಲಿಗೂ ಹಿಡಿಯುವುದುಂಟು. ಇಲ್ಲಿ ಅದು ಹೊಂದುವುದಿಲ್ಲ. ನಮ್ಮ ಎಂ.ಪಿ.ಟಿ. ಒಬ್ಬರ ಓದು ಯಾವ ದಿಕ್ಕಿಗೆ ಹೋಗಿತ್ತು ಎಂಬುದರ ಕುರುಹು, ಇಂದಿನ ಕೌಶಲದ ಖಾತರಿಯಲ್ಲ. ಕುರುಹಾಗಿ ಅದು ಬಹಳ ಉಪಯುಕ್ತ, ಕವಲು ನಮ್ಮ ಕಾಯಿಲೆಗೆ ಹೊಂದಿದ್ದರೆ. ಪಾರ್ಶ್ವವಾಯು ರೋಗಿಗೆ ‘ಎಂ.ಪಿ.ಟಿ. ಸ್ಪೋರ್ಟ್ಸ್’ ಎಂಬ ಬೋರ್ಡಿನ ತೂಕ ಬಿ.ಪಿ.ಟಿ. ಬೋರ್ಡಿಗಿಂತ ಹೆಚ್ಚೇನೂ ಅಲ್ಲ.

ವ್ಯಾಯಾಮ ವ್ಯಾಯಾಮವೇ, ಅದನ್ನು ಯಾರು ಮಾಡಿಸಿದರೇನು ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಇದಕ್ಕೆ ಪಾರ್ಶ್ವವಾಯುವಿನ ಸಂಶೋಧನೆಯಲ್ಲಿ ಒಳ್ಳೆಯ ಉತ್ತರವಿದೆ. ಲಕ್ವ ಹೊಡೆದವರನ್ನು ಎಷ್ಟು ಬೇಗ ಎಬ್ಬಿಸಿ ನಡೆಸಿದರೆ ಅಷ್ಟು ಒಳ್ಳೆಯದು ಎಂಬುದು ಬಹುಕಾಲ ಎಲ್ಲರೂ ಒಪ್ಪಿದ್ದ ನಂಬಿಕೆ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅವರ್ಟ್ ಎಂಬ ಅಧ್ಯಯನ ಐದು ದೇಶಗಳ 2104 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. ಒಂದು ಗುಂಪನ್ನು 24 ಗಂಟೆಯೊಳಗೆ, ಮಾಮೂಲಿಗಿಂತ ಹೆಚ್ಚು ಸಲ, ಹೆಚ್ಚು ಹೊತ್ತು ಹಾಸಿಗೆಯಿಂದ ಎಬ್ಬಿಸಲಾಯಿತು. ಇನ್ನೊಂದಕ್ಕೆ ವಾಡಿಕೆಯ ಆರೈಕೆ. ಮೂರು ತಿಂಗಳ ನಂತರ ಒಳ್ಳೆಯ ಚೇತರಿಕೆ ಕಂಡವರು ಮೊದಲ ಗುಂಪಿನಲ್ಲಿ ಶೇ 46, ಎರಡನೆಯದರಲ್ಲಿ ಶೇ 50. ಅಂದರೆ ಅತಿ ಅವಸರದ, ಅತಿ ತೀವ್ರ ವ್ಯಾಯಾಮದಿಂದ ಫಲಿತಾಂಶ ಕೆಟ್ಟಿತು. ಮಲಗಿಸಿಯೇ ಇಡಬೇಕು ಎಂದು ಇದರ ಅರ್ಥವಲ್ಲ. ಔಷಧಿಯಂತೆ ಚಲನೆಗೂ ಪ್ರಮಾಣವಿದೆ, ಹೊತ್ತಿದೆ ಎಂದರ್ಥ. ಮೊದಲ ದಿನಗಳಲ್ಲಿ ಎಷ್ಟು, ಮೂರನೆಯ ವಾರ ಎಷ್ಟು, ಸೋತ ಭುಜವನ್ನು ಎಳೆದರೆ ಏನಾಗುತ್ತದೆ, ಬಿಗಿತ ಏರುತ್ತಿರುವ ಕಾಲನ್ನು ಹೇಗೆ ಹಿಡಿಯಬೇಕು, ಇದನ್ನೆಲ್ಲ ದಿನಾ ಇಂಥದ್ದೇ ರೋಗಿಗಳನ್ನು ನೋಡುವವರು ಅಳೆದು ಮಾಡಬಲ್ಲರು. ರೋಗಿಯನ್ನು ಸೋತ ಕೈಯ ಕಂಕುಳಿಗೆ ಕೈಹಾಕಿ ಎಳೆದು ಎಬ್ಬಿಸುವುದು ನಮ್ಮ ಮನೆಗಳಲ್ಲೂ ವಾರ್ಡುಗಳಲ್ಲೂ ಮಾಮೂಲು. ತಿಂಗಳು ಕಳೆಯುವಷ್ಟರಲ್ಲಿ ಆ ಭುಜ ನೋವಿನ ಗೂಡಾಗಿರುವುದನ್ನು ನರ ವಿಭಾಗದ ಫಿಸಿಯೊಗಳು ನಿತ್ಯ ನೋಡುತ್ತಾರೆ.

ಮಕ್ಕಳ ವಿಷಯದಲ್ಲಿ ಈ ಮಾತು ಇನ್ನಷ್ಟು ಗಟ್ಟಿ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ತಂದೆತಾಯಿ ವರ್ಷಗಟ್ಟಲೆ ಥೆರಪಿಗೆ ಅಲೆಯುತ್ತಾರೆ. ಅದರಲ್ಲಿ ಎಷ್ಟೋ ದಿನ ಮಗು ಚಾಪೆಯ ಮೇಲೆ ಮಲಗಿರುತ್ತದೆ, ಬೇರೆಯವರು ಅದರ ಕೈಕಾಲು ಮಡಚುತ್ತಿರುತ್ತಾರೆ. ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ ಈ ಮಕ್ಕಳಿಗೆ ಬಳಸುವ ಚಿಕಿತ್ಸೆಗಳ ಸಾಕ್ಷ್ಯವನ್ನೆಲ್ಲ ಒಟ್ಟುಗೂಡಿಸಿ ಟ್ರಾಫಿಕ್ ದೀಪದ ಹಾಗೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದರು. ಮಗು ತಾನೇ ಮಾಡಬೇಕಾದ, ನಿರ್ದಿಷ್ಟ ಗುರಿಯುಳ್ಳ ಅಭ್ಯಾಸ, ದುರ್ಬಲ ಕೈಯನ್ನು ಬಳಸಲೇಬೇಕಾಗುವಂತೆ ಮಾಡುವ ವಿಧಾನ, ಮನೆಯ ಕಾರ್ಯಕ್ರಮ ಇವು ಹಸಿರಿನಲ್ಲಿ ಬಂದವು. ದಶಕಗಳಿಂದ ಜಗತ್ತಿನಾದ್ಯಂತ ಕಲಿಸುತ್ತ ಬಂದ ಬೊಬಾತ್ ಎಂಬ ಚಿಕಿತ್ಸಾ ಪರಂಪರೆಯ ಹಳೆಯ ರೂಪಕ್ಕೆ ಹಸಿರು ಸಿಗಲಿಲ್ಲ. ಇದರಿಂದ ಸಿಟ್ಟಾದ ಥೆರಪಿಸ್ಟರೂ ಇದ್ದಾರೆ, ವಾದ ಇನ್ನೂ ನಡೆದಿದೆ. ಆದರೆ ತಂದೆತಾಯಿಗೆ ಇಲ್ಲಿ ಒಂದು ಹಿಡಿತ ಸಿಗುತ್ತದೆ. ಮಕ್ಕಳ ವಿಭಾಗದ ಎಂ.ಪಿ.ಟಿ. ಆಗಿದ್ದರೂ ಸರಿ, ‘ಮುಂದಿನ ಮೂರು ತಿಂಗಳಲ್ಲಿ ಮಗು ಯಾವ ಕೆಲಸವನ್ನು ತಾನಾಗಿ ಮಾಡಬೇಕು ಎಂದು ಪ್ರಯತ್ನಿಸುತ್ತಿದ್ದೇವೆ?’ ಎಂದು ಕೇಳಬೇಕು. ಗೋಡೆ ಹಿಡಿದು ಹತ್ತು ಹೆಜ್ಜೆ, ಚಮಚ ಹಿಡಿದು ಬಾಯಿಗೆ, ನೆಲದಿಂದ ಎದ್ದು ಕುರ್ಚಿಗೆ ಎಂಬಂಥ ಉತ್ತರ ಬರಬೇಕು. ‘ಟೋನ್ (ಸ್ನಾಯುವಿನ ಬಿಗಿತ) ಸರಿಮಾಡುತ್ತಿದ್ದೇವೆ’ ಎಂಬ ಉತ್ತರ ಸಾಲದು.

ತಜ್ಞತೆ ಮುಖ್ಯವಾಗುವ ಉಳಿದ ಕ್ಷೇತ್ರಗಳು ಜನರಿಗೆ ಫಿಸಿಯೊಥೆರಪಿ ಎಂದೇ ಗೊತ್ತಿರುವುದಿಲ್ಲ. ಸಿ.ಒ.ಪಿ.ಡಿ. ಎಂಬ ಉಸಿರಿನ ಕಾಯಿಲೆಗೆ ಶ್ವಾಸಕೋಶದ ಪುನಶ್ಚೇತನ ಎಷ್ಟು ಖಚಿತವಾಗಿ ಫಲ ಕೊಡುತ್ತದೆಂದರೆ, 2015ರ ಕಾಕ್ರೇನ್ ಪರಾಮರ್ಶೆ 65 ಪ್ರಯೋಗಗಳನ್ನು ನೋಡಿದ ಮೇಲೆ ಇದನ್ನು ಸಾಮಾನ್ಯ ಆರೈಕೆಯೊಂದಿಗೆ ಹೋಲಿಸುವ ಪ್ರಯೋಗ ಇನ್ನು ಬೇಕಾಗಿಲ್ಲ ಎಂಬ ನಿಲುವಿಗೆ ಬಂತು. ಹಾಗಿದ್ದೂ ನಮ್ಮಲ್ಲಿ ಇನ್‌ಹೇಲರ್ ಬರೆಸಿಕೊಂಡವರಲ್ಲಿ ಎಷ್ಟೋ ಜನರಿಗೆ ಹೃದಯ-ಶ್ವಾಸಕೋಶ ವಿಭಾಗದ ಫಿಸಿಯೊ ಒಬ್ಬರು ಇರುತ್ತಾರೆ ಎಂಬ ಸುಳಿವೂ ಸಿಗುವುದಿಲ್ಲ. ಕೆಮ್ಮಿದರೆ, ನಕ್ಕರೆ ಮೂತ್ರ ಜಿನುಗುವ ತೊಂದರೆಯನ್ನು ಹೆಂಗಸರು ಹೆರಿಗೆಯ ನಂತರದ ಹಣೆಬರಹ ಎಂದು ಸುಮ್ಮನಾಗುತ್ತಾರೆ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಇದಕ್ಕೆ ಮೊದಲ ಚಿಕಿತ್ಸೆಯಾಗಿ ಹೇಳುವುದು ಕನಿಷ್ಠ ಮೂರು ತಿಂಗಳು, ತಿಳಿದವರ ಮೇಲ್ವಿಚಾರಣೆಯಲ್ಲಿ, ಶ್ರೋಣಿಯ ಸ್ನಾಯುಗಳ ವ್ಯಾಯಾಮವನ್ನು. ಮೇಲ್ವಿಚಾರಣೆ ಏಕೆಂದರೆ, ಬಾಯಿಮಾತಿನಲ್ಲಿ ಕೇಳಿಸಿಕೊಂಡವರು ಹಲವರು ಬೇರೆಯದೇ ಸ್ನಾಯು ಬಿಗಿಹಿಡಿಯುತ್ತಾರೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಊದಿಕೊಂಡ ಕೈಗೆ ಲಿಂಫೆಡಿಮಾ ತರಬೇತಿ ಪಡೆದವರು ಬ್ಯಾಂಡೇಜು ಸುತ್ತುವ ರೀತಿಯೇ ಬೇರೆ. ಅದೇ ಕೈಗೆ ಮಾಮೂಲಿ ಕೇಂದ್ರದಲ್ಲಿ ಬಿಸಿ ಶಾಖ ಕೊಟ್ಟುಬಿಡುವ ಅಪಾಯವಿದೆ. ಹಾಸಿಗೆಯಲ್ಲಿ ಮಗ್ಗುಲಾದರೆ ಲೋಕವೇ ತಿರುಗುವ ಒಂದು ಬಗೆಯ ತಲೆಸುತ್ತು ಕಿವಿಯೊಳಗಿನ ಹರಳು ಜಾರಿದ್ದರಿಂದ ಬರುತ್ತದೆ. ಬಲ್ಲವರು ತಲೆಯನ್ನು ಕ್ರಮವಾಗಿ ತಿರುಗಿಸುವ ಎಪ್ಲಿ ವಿಧಾನದಿಂದ ಒಂದೆರಡು ಭೇಟಿಯಲ್ಲೇ ಎಷ್ಟೋ ಜನಕ್ಕೆ ಗುಣ ಕಾಣಿಸುತ್ತಾರೆ. ಅರಿಯದವರ ಬಳಿ ಅದು ಕುತ್ತಿಗೆ ಸವಕಳಿಯಾಗಿ ಬದಲಾಗಿ, ಕುತ್ತಿಗೆಗೆ ತಿಂಗಳುಗಟ್ಟಲೆ ಟ್ರ್ಯಾಕ್ಷನ್ ನಡೆಯುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲು. ಫಿಸಿಯೊ ಬಾಗಿಲಿಗೆ ಬರುವವರಲ್ಲಿ ದೊಡ್ಡ ಪಾಲು ಸೊಂಟ, ಕುತ್ತಿಗೆ, ಮಂಡಿ, ಭುಜದ ನೋವಿನವರು. ಇವರಿಗೆ ತಜ್ಞರ ಹುಡುಕಾಟ ಬಹುತೇಕ ಅನಗತ್ಯ, ಕೆಲವೊಮ್ಮೆ ದುಬಾರಿ ದಾರಿ. 2020ರ ಅಂದಾಜಿನಂತೆ ಜಗತ್ತಿನಲ್ಲಿ 61.9 ಕೋಟಿ ಜನಕ್ಕೆ ಸೊಂಟನೋವು ಇತ್ತು. ಇವರಿಗೆಲ್ಲ ಸೂಪರ್ ಸ್ಪೆಷಲಿಸ್ಟ್ ಬೇಕೆಂದರೆ ಲೋಕದಲ್ಲಿ ಬೇರೆ ವೃತ್ತಿ ಉಳಿಯಲಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಮಾರ್ಗಸೂಚಿ ಪ್ರಕಟಿಸಿತು. ಅದು ಶಿಫಾರಸು ಮಾಡುವುದು ತಿಳಿವಳಿಕೆ, ವ್ಯಾಯಾಮ, ಕೆಲವು ಕೈಚಿಕಿತ್ಸೆ, ಮನೋವೈಜ್ಞಾನಿಕ ನೆರವು ಇವನ್ನು. ಬೇಡ ಎನ್ನುವ ಪಟ್ಟಿಯನ್ನು ನಮ್ಮ ಓದುಗರು ಎರಡು ಸಲ ಓದಬೇಕು: ಸೊಂಟದ ಬೆಲ್ಟು, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಚಿಕಿತ್ಸೆ, ಟೆನ್ಸ್ ಎಂಬ ವಿದ್ಯುತ್ ಯಂತ್ರ. ನಮ್ಮೂರುಗಳಲ್ಲಿ ಫಿಸಿಯೊಥೆರಪಿ ಎಂದರೆ ‘ಕರೆಂಟ್ ಕೊಡಿಸಿಕೊಳ್ಳುವುದು’ ಎಂದೇ ರೂಢಿ. ಯಂತ್ರ ಕಾಣದಿದ್ದರೆ ರೋಗಿಗೆ ಸಮಾಧಾನವಿಲ್ಲ, ಯಂತ್ರ ಹಚ್ಚಿಟ್ಟರೆ ಚಿಕಿತ್ಸಕರು ಒಂದೇ ಹೊತ್ತಿಗೆ ನಾಲ್ಕು ಹಾಸಿಗೆ ನೋಡಬಹುದು. ಇಬ್ಬರಿಗೂ ಅನುಕೂಲವಾದ ಈ ಒಪ್ಪಂದದಲ್ಲಿ ಸೊಂಟಕ್ಕೆ ಮಾತ್ರ ಲಾಭ ಕಡಿಮೆ. ಯಂತ್ರದಿಂದ ತಾತ್ಕಾಲಿಕ ಹಿತ ಸಿಗಬಹುದು, ಎಲ್ಲ ಕಾಯಿಲೆಯಲ್ಲೂ ಅದು ವ್ಯರ್ಥ ಎಂದು ಮೇಲಿನ ಮಾರ್ಗಸೂಚಿ ಹೇಳುವುದೂ ಇಲ್ಲ. ಆದರೆ ಇಡೀ ಭೇಟಿ ಯಂತ್ರದಲ್ಲೇ ಮುಗಿದರೆ ಅದು ಎಂ.ಪಿ.ಟಿ. ಕೈಯಿಂದಾದರೂ ಕಳಪೆಯೇ. ಕಾಲು ಗಂಟೆ ಕೂತು ಪರೀಕ್ಷಿಸಿ, ನೋವಿಗೆ ಹೆದರಬೇಕಿಲ್ಲವೆಂದು ವಿವರಿಸಿ, ನಾಲ್ಕು ವ್ಯಾಯಾಮ ಕಲಿಸಿ, ಎರಡು ವಾರ ಬಿಟ್ಟು ಅದನ್ನು ಏರಿಸುವ ಬಿ.ಪಿ.ಟಿ. ಅದಕ್ಕಿಂತ ಎಷ್ಟೋ ಮೇಲು.

ಪ್ರಮಾಣಪತ್ರಗಳ ಸಾಲಿಗೆ ಬಂದರೆ, ಅಲ್ಲಿಯೂ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬಾರದು. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಮತ್ತು ಬ್ರಯಾನ್ ಮಲ್ಲಿಗನ್ ಅವರ ಹೆಸರಿನ ವಿಧಾನಗಳಿಗೆ ಹಂತಹಂತದ ಪಾಠ, ಕೊನೆಗೆ ಪರೀಕ್ಷೆ ಇದೆ, ಬೋರ್ಡಿನ ಸಿ.ಎಂ.ಪಿ. ಮಲ್ಲಿಗನ್ ಪರೀಕ್ಷೆ ದಾಟಿದ ಗುರುತು. ಟೇಪು, ಕಪ್ಪು, ಸೂಜಿಗಳ ಹಲವು ಕೋರ್ಸುಗಳು ಎರಡು-ಮೂರು ದಿನದವು. ಅವು ಕಲಿತವರ ಚೀಲಕ್ಕೆ ಒಂದು ಉಪಕರಣ ಸೇರಿಸುತ್ತವೆ ನಿಜ, ಆದರೆ ಕ್ಷೇತ್ರವೊಂದರ ತಜ್ಞರನ್ನಾಗಿ ಮಾಡುವುದಿಲ್ಲ. ಬೋರ್ಡಿನಲ್ಲಿ ಕಾಯಿಲೆಗಿಂತ ಉಪಕರಣದ ಹೆಸರೇ ದಪ್ಪವಾಗಿದ್ದರೆ, ಬಂದವರಿಗೆಲ್ಲ ಅದೇ ಉಪಕರಣ ಕಾದಿರುವ ಸಾಧ್ಯತೆ ಹೆಚ್ಚು.

ಓದಿಗಿಂತ ಅನುಭವ ದೊಡ್ಡದು, ಮೂವತ್ತು ವರ್ಷ ಕೈಯಾಡಿಸಿದವರ ಮುಂದೆ ನಿನ್ನೆ ಮೊನ್ನೆಯ ಎಂ.ಪಿ.ಟಿ. ಏನು ಮಾಡೀತು ಎಂಬ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಅದರಲ್ಲಿ ಸತ್ಯಾಂಶವಿದೆ, ಪೂರ್ತಿ ಸತ್ಯವಿಲ್ಲ. ಲಿಂಡಾ ರೆಸ್ನಿಕ್ ಮತ್ತು ಗೇಲ್ ಜೆನ್ಸನ್ 2003ರಲ್ಲಿ ಅಮೆರಿಕದಲ್ಲಿ ಒಂದು ಕುತೂಹಲದ ಅಧ್ಯಯನ ಮಾಡಿದರು. ಹೆಸರು, ಹುದ್ದೆ ನೋಡದೆ, ಯಾರ ಸೊಂಟನೋವಿನ ರೋಗಿಗಳು ಹೆಚ್ಚು ಗುಣವಾದರು ಎಂಬ ಲೆಕ್ಕದಿಂದಲೇ ‘ಪರಿಣತ’ ಥೆರಪಿಸ್ಟರನ್ನು ಗುರುತಿಸಿದರು. ಅವರನ್ನು ಉಳಿದವರಿಂದ ಬೇರ್ಪಡಿಸಿದ್ದು ಸೇವೆಯ ವರ್ಷಗಳಲ್ಲ. ರೋಗಿಯನ್ನು ಕೇಂದ್ರದಲ್ಲಿಟ್ಟು ಯೋಚಿಸುವುದು, ತಮ್ಮ ಕೆಲಸವನ್ನು ತಾವೇ ಪರಾಮರ್ಶಿಸುವುದು, ಸಹೋದ್ಯೋಗಿಗಳಿಂದ ಕಲಿಯುವುದು, ಚಿಕಿತ್ಸೆಯನ್ನು ಸಹಾಯಕರ ಕೈಗೆ ಬೇಕಾಬಿಟ್ಟಿ ಬಿಡದಿರುವುದು ಅವರ ಲಕ್ಷಣವಾಗಿತ್ತು. ಚಿಕ್ಕ ಅಧ್ಯಯನ, ಅದರ ಮೇಲೆ ಅರಮನೆ ಕಟ್ಟಬೇಕಿಲ್ಲ. ಆದರೂ ‘ಎಷ್ಟು ವರ್ಷದ ಅನುಭವ?’ ಎಂಬ ಪ್ರಶ್ನೆಯನ್ನು ‘ನನ್ನಂಥ ರೋಗಿಗಳನ್ನು ತಿಂಗಳಿಗೆ ಎಷ್ಟು ಜನ ನೋಡುತ್ತೀರಿ?’ ಎಂದು ತಿದ್ದಿಕೊಳ್ಳಲು ಇಷ್ಟು ಸಾಕು. ಓದಿನ ಕವಲು ಮತ್ತು ದಿನದ ರೋಗಿಗಳು ಒಂದೇ ದಿಕ್ಕಿನಲ್ಲಿದ್ದರೆ ಅದೇ ನಿಜವಾದ ತಜ್ಞತೆ, ಎಂ.ಪಿ.ಟಿ. ಇಲ್ಲದೆ ಪಾರ್ಶ್ವವಾಯು ವಾರ್ಡಿನಲ್ಲೇ ಹದಿನೈದು ವರ್ಷ ಕಳೆದವರೂ ಆ ಲೆಕ್ಕದಲ್ಲಿ ತಜ್ಞರೇ.

ಇದೆಲ್ಲ ಬೆಂಗಳೂರು, ಮಂಗಳೂರು, ಮಣಿಪಾಲದಲ್ಲಿ ನಡೆಯುವ ಮಾತು. ಹೋಬಳಿ ಊರಿನಲ್ಲಿ ಆಯ್ಕೆಯೆಲ್ಲಿದೆ ಎಂಬುದು ಇನ್ನೂ ಗಟ್ಟಿ ಆಕ್ಷೇಪ. ಹಾಗಾದರೆ ಮನೆಯವರಿಗೇ ಕಲಿಸಿಬಿಟ್ಟರೆ ಹೇಗೆ ಎಂದು ಸಂಶೋಧಕರೂ ಯೋಚಿಸಿದರು. ಭಾರತದ 14 ಆಸ್ಪತ್ರೆಗಳಲ್ಲಿ 1250 ಪಾರ್ಶ್ವವಾಯು ರೋಗಿಗಳೊಂದಿಗೆ ನಡೆದ ಅಟೆಂಡ್ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮನೆಯವರೊಬ್ಬರಿಗೆ ತರಬೇತಿ ಕೊಟ್ಟು ಕಳಿಸಿದ ಗುಂಪಿನಲ್ಲೂ, ಮಾಮೂಲಿ ಆರೈಕೆಯ ಗುಂಪಿನಲ್ಲೂ ಆರು ತಿಂಗಳ ನಂತರ ಮೃತಪಟ್ಟವರು ಅಥವಾ ಪರಾವಲಂಬಿಗಳಾಗಿ ಉಳಿದವರು ಶೇ 47. ತಜ್ಞರು ಇದ್ದಿದ್ದರೆ ಖಂಡಿತ ಮೇಲಾಗುತ್ತಿತ್ತು ಎಂದು ಈ ಅಧ್ಯಯನ ಸಾಬೀತು ಮಾಡುವುದಿಲ್ಲ. ಮಾಮೂಲಿ ಗುಂಪಿನವರಿಗೂ ಒಂದಿಷ್ಟು ಪುನಶ್ಚೇತನ ಸಿಕ್ಕಿತ್ತು. ಕುಟುಂಬದ ಶ್ರದ್ಧೆಗೆ ತರಬೇತಿ ಸೇರಿಸಿದ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ ಎಂಬುದಷ್ಟೇ ಅದರ ಪಾಠ. ಹಾಗಾಗಿ ದೂರದ ಊರಿನವರಿಗೆ ಕಾರ್ಯಸಾಧ್ಯವಾದ ದಾರಿ ಇದು: ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಅಲ್ಲಿನ ನರ ಅಥವಾ ಮಕ್ಕಳ ವಿಭಾಗದ ಫಿಸಿಯೊ ಕೈಯಲ್ಲಿ ಲಿಖಿತ ಯೋಜನೆ ಬರೆಸಿಕೊಳ್ಳುವುದು, ಊರಿನ ಬಿ.ಪಿ.ಟಿ. ಅದನ್ನು ವಾರವಾರ ನಡೆಸುವುದು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ತಜ್ಞರು ನೇರವಾಗಿಯೋ ವಿಡಿಯೊದಲ್ಲೋ ನೋಡಿ ಪ್ರಮಾಣ ಬದಲಿಸುವುದು. ಪ್ರತಿದಿನ ತಜ್ಞರೇ ಕೈಹಿಡಿದು ನಡೆಸಬೇಕಿಲ್ಲ. ಎಷ್ಟು, ಯಾವಾಗ, ಯಾವುದನ್ನು ಎಂಬ ನಿರ್ಧಾರ ಅವರದಾದರೆ ಸಾಕು. ಆಪರೇಷನ್ ಮಾಡಿದ ವೈದ್ಯರೇ ‘ಇವರ ಹತ್ತಿರ ಹೋಗಿ’ ಎಂದು ಚೀಟಿ ಕೊಟ್ಟಿದ್ದರೆ ಹೆಚ್ಚಿನವರು ಬೇರೆ ಯೋಚಿಸುವುದಿಲ್ಲ. ಚೀಟಿಗೆ ಬೆಲೆಯಿದೆ, ಹೊಲಿಗೆ ಯಾವಾಗ ಗಟ್ಟಿಯಾಗುತ್ತದೆ, ಎಷ್ಟು ಭಾರ ಹಾಕಬಹುದು ಎಂಬುದು ವೈದ್ಯರಿಗೇ ಗೊತ್ತು. ಆ ಮಿತಿಗಳನ್ನು ಬರೆಸಿಕೊಂಡು, ಹತ್ತಿರದಲ್ಲಿ ಹೊಂದುವ ಫಿಸಿಯೊ ಯಾರೆಂದು ತಾವೇ ನೋಡಿಕೊಳ್ಳುವುದರಲ್ಲಿ ಅವಿಧೇಯತೆಯೇನಿಲ್ಲ.

ಇನ್ನು ಮೊದಲ ಭೇಟಿ. ಎಂ.ಆರ್.ಐ. ವರದಿ ಓದಿ ನೇರ ಹಾಸಿಗೆಗೆ ಕಳಿಸಿದರೆ ಅದು ಕೆಟ್ಟ ಆರಂಭ. ನೋವು ಯಾವಾಗಿನಿಂದ, ಯಾವ ಭಂಗಿಯಲ್ಲಿ, ಕೆಲಸವೇನು, ನಿದ್ದೆ ಹೇಗೆ ಎಂದು ಕೇಳಿ, ನಡೆಸಿ, ಬಗ್ಗಿಸಿ, ಬಲ ನೋಡಿ, ಇವತ್ತಿನ ಸ್ಥಿತಿಯನ್ನು ಅಂಕಿಯಲ್ಲಿ ಬರೆದುಕೊಳ್ಳಬೇಕು. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದರು, ಕೈ ಎಷ್ಟು ಡಿಗ್ರಿ ಎತ್ತಿದರು ಎಂಬ ದಾಖಲೆ ಇಲ್ಲದೆ ತಿಂಗಳ ನಂತರ ಸುಧಾರಣೆಯನ್ನು ಅಳೆಯುವುದು ಯಾವುದರಿಂದ? ಮುಖ್ಯವಾಗಿ, ಒಳ್ಳೆಯ ಫಿಸಿಯೊ ‘ಇದು ನನ್ನ ಕೆಲಸವಲ್ಲ’ ಎನ್ನಬೇಕಾದ ಸಂದರ್ಭಗಳನ್ನು ಬಲ್ಲವರು. ಸೊಂಟನೋವಿನ ಜೊತೆ ಮೂತ್ರ ಕಟ್ಟುವುದು ಅಥವಾ ಹತೋಟಿ ತಪ್ಪುವುದು, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿರುವುದು, ಎರಡೂ ಕಾಲಿನ ಬಲ ಕುಂದುವುದು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಬಂದಿದ್ದುದು, ಬಿದ್ದ ಮೇಲೆ ಶುರುವಾದ ತೀವ್ರ ನೋವು, ಆಪರೇಷನ್ ನಂತರ ಒಂದೇ ಮೀನಖಂಡ ಊದಿ ನೋಯುವುದು, ಇವೆಲ್ಲ ವೈದ್ಯರು ನೋಡದೆ ಮುಂದುವರಿಯಬಾರದವು. ಸ್ವತಂತ್ರವಾಗಿ ವೃತ್ತಿ ನಡೆಸುವ ಹಕ್ಕು ಕಾನೂನಿನಲ್ಲಿ ಬಂದಿರುವುದರಿಂದ ಈ ಪ್ರಶ್ನೆಗಳನ್ನು ಕೇಳುವ ಹೊಣೆಯೂ ಈಗ ಫಿಸಿಯೊಗಳ ಮೇಲೆಯೇ ಇದೆ. ನೀವು ಹೇಳುವ ಮೊದಲೇ ಅವರು ಇವನ್ನು ಕೇಳಿದರೆ, ಬೋರ್ಡಿನಲ್ಲಿ ಏನೇ ಇರಲಿ, ಬಂದ ಜಾಗ ಸರಿಯಿದೆ ಎಂದು ತಿಳಿಯಬಹುದು.

ದುಡ್ಡಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ಮೊದಲ ದಿನವೇ ಇಪ್ಪತ್ತು-ಮೂವತ್ತು ಭೇಟಿಗಳ ಪ್ಯಾಕೇಜಿಗೆ ಮುಂಗಡ ಕೇಳಿದರೆ ಒಪ್ಪಬೇಡಿ. ಮಾಮೂಲಿ ಸೊಂಟ-ಮಂಡಿ ನೋವಿಗೆ ಅಷ್ಟು ಭೇಟಿ ಬೇಕೆಂದು ಮೊದಲ ದಿನ ಯಾರೂ ಹೇಳಲಾರರು. ನಾಲ್ಕೈದು ಭೇಟಿಗೆ ಒಪ್ಪಿಕೊಂಡು, ಆ ಹೊತ್ತಿಗೆ ಮೊದಲ ದಿನದ ಅಂಕಿಗಳನ್ನು ಮತ್ತೆ ಅಳೆಯಿರಿ ಎಂದು ಕೇಳಿ. ಅಂಕಿ ಕದಲಿದ್ದರೆ ಮುಂದುವರಿಸಿ. ಕದಲಿಲ್ಲವಾದರೆ ಇದುವರೆಗೆ ಏನೇನು ಮಾಡಿದರು ಎಂಬ ಲಿಖಿತ ಟಿಪ್ಪಣಿ ಪಡೆದು ಬೇರೆಯವರನ್ನು ನೋಡಿ. ಮನೆಗೇ ಬಂದು ಚಿಕಿತ್ಸೆ ಕೊಡುವ ಕಂಪನಿಗಳಲ್ಲಿ ಮೊದಲ ದಿನ ಬಂದವರೇ ಕೊನೆಯವರೆಗೆ ಬರುತ್ತಾರೆಯೇ, ಬದಲಾದರೆ ಹೊಸಬರ ನೋಂದಣಿ ಸಂಖ್ಯೆ ಏನು ಎಂಬುದನ್ನು ಹಣ ಕೊಡುವ ಮೊದಲೇ ಬರಹದಲ್ಲಿ ಪಡೆದಿಟ್ಟುಕೊಳ್ಳಿ.